ಲೀಡಾಳ ಮೇಲೆ ಕೊಟ್ಟ ಮಾತು

ಗಾಳಿಗೆ ಮೂವರು ಹೆಣ್ಣುಮಕ್ಕಳಂತೆ. ಕಿರಿಯವಳು ದಾರಿ ತಪ್ಪಿ ನೆಬ್ರಾಸ್ಕಾದ ಬಯಲಿಗೆ ಬಂದಳಂತೆ. ತಡೆಯಲು ಇಲ್ಲಿ ಬೆಟ್ಟವಿಲ್ಲ, ಕಾಡಿಲ್ಲ. ಹಾಗಾಗಿ ಇಂದಿಗೂ ಓಡುತ್ತಲೇ ಇದ್ದಾಳಂತೆ. ಲೀಡಾ ಕೊವಾರಿಕ್ ಚೆಂಡಿಗೆ ನೆಗೆದಾಗಲೆಲ್ಲ ಆ ಕಿರಿಯವಳೇ ಅವಳನ್ನು ಒಂದು ಗಳಿಗೆ ಸೊಂಟ ಹಿಡಿದು ಎತ್ತಿಕೊಳ್ಳುತ್ತಾಳೆ ಎಂದು ಅವಳಜ್ಜಿ ಹೇಳುತ್ತಿದ್ದಳು. ವಾಲಿಬಾಲ್ ನೆಟ್ಟಿನ ಆಚೆ ನಿಂತ ಹುಡುಗಿಯರೂ ಅದನ್ನು ನಂಬುವಂತಿತ್ತು, ಅಷ್ಟು ಹೊತ್ತು ಅವಳು ಮೇಲೆಯೇ ಇರುತ್ತಿದ್ದಳು.

ಕಾಲೇಜುಗಳ ಕೋಚುಗಳು ತಮ್ಮ ಟೀಮಿಗೆ ಆಟಗಾರ್ತಿಯರನ್ನು ಹುಡುಕಿಕೊಂಡು ಬಂದು ಶಾಲೆಯ ಜಿಮ್ಮಿನ ಮೇಲಿನ ಮೆಟ್ಟಿಲಲ್ಲಿ ಕೈಕಟ್ಟಿ ಕೂರುತ್ತಿದ್ದರು. ಹುಡುಗಿಯರು ಅವರ ಕಡೆ ನೋಡದೆಯೇ ನೋಡುವುದನ್ನು ಕಲಿತಿದ್ದರು. ಒಬ್ಬಳು ಪಾಯಿಂಟು ಕಳೆದುಕೊಂಡಾಗ ಮುಖ ಹೇಗಿಟ್ಟುಕೊಳ್ಳುತ್ತಾಳೆ, ಬೆಂಚಿಗೆ ಕಳಿಸಿದರೆ ಗೆಳತಿಯರಿಗೆ ಚಪ್ಪಾಳೆ ತಟ್ಟುತ್ತಾಳೋ ಇಲ್ಲವೋ, ಎಲ್ಲವೂ ಲೆಕ್ಕಕ್ಕೆ ಬರುತ್ತಿತ್ತು. ಲೀಡಾ ಬೆಳಕು ಹರಿಯುವ ಮೊದಲೇ ಎದ್ದು ಓಡಿದಳು, ಮೊಣಕಾಲಿಗೆ ಐಸು ಕಟ್ಟಿಕೊಂಡು ಗಣಿತ ಓದಿದಳು. ಆಟಕ್ಕಾಗಿ ಯಾವುದಾದರೂ ಕಾಲೇಜು ತನ್ನ ಖರ್ಚಿನಲ್ಲಿ ಓದಿಸಿದರೆ ಮುಂದಿನ ಓದು ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ನದಿಯಾಚೆಯ ದೊಡ್ಡ ವಿಶ್ವವಿದ್ಯಾಲಯದ ಕೋಚಮ್ಮನ ಫೋನು ಬಂತು. "ನಿಮ್ಮ ಹುಡುಗಿಗೆ ನಮ್ಮಲ್ಲಿ ಜಾಗ ಇದೆ. ಒಪ್ಪಂದಕ್ಕೆ ಸಹಿ ಹಾಕೋದು ಹನ್ನೆರಡನೇ ತರಗತಿಯ ನವೆಂಬರಿನಲ್ಲಿ. ಅಲ್ಲೀವರೆಗೆ ನನ್ನ ಮಾತು."

ಅಪ್ಪ ವರ್ನ್ ದನದ ಹರಾಜುಕಟ್ಟೆಯಲ್ಲಿ ದಲ್ಲಾಳಿ. ಅಲ್ಲಿ ಟೋಪಿಯ ಅಂಚು ಮುಟ್ಟಿದರೆ ವ್ಯಾಪಾರ ಮುಗಿಯಿತು. ಮರುದಿನ ಬೆಲೆ ಬಿದ್ದರೂ ಕರು ನಿಮ್ಮದೇ. ಒಮ್ಮೆ ಹಿಂದೆ ಸರಿದವನಿಗೆ ಆಮೇಲೆ ಯಾರೂ ಕೂರಲು ಜಾಗ ಬಿಡುವುದಿಲ್ಲ. "ಆಯ್ತಮ್ಮ, ನಮ್ಮದೂ ಮಾತು," ಎಂದ ವರ್ನ್.

ಗುಡ್ಡದ ಕಡೆಯ ಸಣ್ಣ ಕಾಲೇಜಿನ ಮುದಿ ಕೋಚು ಪ್ರುಯಿಟ್ ಮಾತ್ರ ಬಿಡಲೊಲ್ಲ. ಲೀಡಾ ತನ್ನ ಟೀಮಿಗೆ ಬರಲೆಂದು ಮತ್ತೆ ಮತ್ತೆ ಫೋನು ಮಾಡಿದ.

"ನಮ್ ಹುಡುಗಿ ವ್ಯಾಪಾರ ಆಗೋಗಿದೆ ಸಾರ್," ಎಂದು ಅಪ್ಪ ನಕ್ಕ.

"ಅವಳೇನು ಕರುನಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಬೈದಳು.

"ಸುಮ್ನೆ ಮಾತಾಡಿರ್ತೀನಪ್ಪ," ಎಂದಳು ಲೀಡಾ. "ಎಲ್ಲ ಕಡೆ ಒಂದು ಬಾಗ್ಲು ತೆಗ್ದಿಟ್ಕೋ ಅಂತಾರೆ ನಮ್ ಕೋಚ್. ನಮ್ ಟೀಮಿನ ಹ್ಯಾಡ್ಲಿ ಯಾರ್ ಫೋನ್ ಬಂದ್ರೂ ಮಾತಾಡ್ತಾಳೆ."

"ಹ್ಯಾಡ್ಲಿ ಅಪ್ಪ ಹಳೇ ಕಾರು ಮಾರೋನು ಪುಟ್ಟಾ. ಅವರ ಮನೇಲಿ ಹಾಗೆ. ಮಾತು ಕೊಟ್ಟ ಮೇಲೆ ಇನ್ನೊಬ್ರ ಹತ್ರ ಹಲ್ಲು ಕಿಸಿಯೋದು ನಮ್ಮನೇಲಿಲ್ಲ."

ಲೀಡಾ ಪ್ರುಯಿಟ್‌ನ ಕ್ಷಮೆ ಕೇಳಿದಳು. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, "ನಮ್ಮ ಟೀಮಿನ ಹ್ಯಾಡ್ಲಿಯನ್ನು ನೋಡಿ ಸಾರ್, ಒಳ್ಳೇ ಆಟಗಾರ್ತಿ," ಎಂದೂ ಸೇರಿಸಿದಳು.

ಹನ್ನೆರಡನೇ ತರಗತಿಯ ಅಕ್ಟೋಬರಿನಲ್ಲಿ, ಸೋಲಿನ ಮೇಲೆ ಸೋಲು ಬಂತೆಂದು ದೊಡ್ಡ ವಿಶ್ವವಿದ್ಯಾಲಯ ತನ್ನ ಕೋಚಮ್ಮನನ್ನು ತೆಗೆದುಹಾಕಿತು. ಅವಳಿಂದ ಬಂದದ್ದು ಫೋನಿನಲ್ಲಿ ಒಂದು ಸಾಲು: ಒಳ್ಳೆಯದಾಗಲಿ, ಮುದ್ದು. ಮರುವಾರ ಹೊಸ ಕೋಚಮ್ಮ ಕರೆ ಮಾಡಿದಳು. ದನಿ ತುಂಬಾ ಮೃದುವಾಗಿತ್ತು. ತನಗೆ ಇನ್ನೂ ಎತ್ತರದ ಹುಡುಗಿಯರು ಬೇಕು ಎಂದಳು.

ಅಪ್ಪ ಫೋನು ಕಸಿದುಕೊಂಡ. "ಮಾತು ಕೊಟ್ಟಿದ್ರಲ್ಲಮ್ಮ!"

"ನಾನು ಕೊಟ್ಟಿಲ್ಲ ಸಾರ್."

"ನಿಮ್ಮ ವಿಶ್ವವಿದ್ಯಾಲಯ ಕೊಟ್ಟಿದೆ."

"ಸಹಿ ಆಗಿಲ್ವಲ್ಲ ಸಾರ್," ಎಂದಳು ಆಕೆ, ಮಗುವಿಗೆ ಬುದ್ಧಿ ಹೇಳುವಂತೆ.

ನವೆಂಬರಿನ ಸಹಿ ಹಾಕುವ ದಿನ ಜಿಮ್ಮಿನಲ್ಲಿ ಬಲೂನು ಕಟ್ಟಿದ್ದರು. ಮೇಜಿನ ಹಿಂದೆ ಹ್ಯಾಡ್ಲಿ ಗುಡ್ಡದ ಕಡೆಯ ಕಾಲೇಜಿನ ಟೋಪಿ ಹಾಕಿ ಕೂತಿದ್ದಳು. ಟೀಮಿನವರು ಹಿಂದೆ ನಿಂತು ಫೋಟೋಗೆ ನಗಬೇಕಿತ್ತು. ಲೀಡಾ ನಕ್ಕಳು; ಕೆಟ್ಟ ಪಾಯಿಂಟಿನ ನಂತರ ಮುಖ ಹೇಗಿಟ್ಟುಕೊಳ್ಳಬೇಕೆಂದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಹ್ಯಾಡ್ಲಿ ಓಡಿಬಂದು ತಬ್ಬಿಕೊಂಡಳು. "ನೀನು ಹೇಳ್ದೇ ಇದ್ದಿದ್ರೆ ಆ ಮುದುಕ ನನ್ ಕಡೆ ತಿರುಗೂ ನೋಡ್ತಿರ್ಲಿಲ್ಲ ಕಣೇ!" ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಕುಹಕವಾಡಿದ್ದರೆ ಲೀಡಾ ಒಂದು ಏಟು ಬಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು.

ಮನೆಗೆ ಹೋಗುವಾಗ ರೈಲ್ವೆ ಗೇಟು ಬಿದ್ದಿತ್ತು. ಕಲ್ಲಿದ್ದಲಿನ ರೈಲು, ಬೇಗ ಮುಗಿಯುವಂಥದ್ದಲ್ಲ. ಅಪ್ಪ ಪಿಕಪ್ಪಿನ ಇಂಜಿನ್ ಆರಿಸಿದ.

"ಆ ವಿಶ್ವವಿದ್ಯಾಲಯದೋರು ಮಾತು ತಪ್ಪಿದ್ರು," ಎಂದ. "ನಾವು ತಪ್ಪಿಲ್ಲ. ಅಷ್ಟಾದ್ರೂ ಆಯ್ತು."

"ಮಾತು ನಿಮ್ದಾಗಿತ್ತಪ್ಪ. ಮೊಣಕಾಲು ನಂದು."

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಿತ್ತು. ರೈಲಿನ ಕಡೆಗೇ ನೋಡುತ್ತಾ ಹೇಳಿದ, "ಪ್ರುಯಿಟ್‌ಗೆ ನಾನೇ ಫೋನ್ ಮಾಡಿದ್ದೆ. ನಿಂಗೆ ಹೇಳ್ಲಿಲ್ಲ. ಬೇಡ್ಕೊಂಡೆ ಪುಟ್ಟಾ."

ಅಪ್ಪ ಯಾರಲ್ಲೂ ಬೇಡಿದ್ದನ್ನು ಲೀಡಾ ಕಂಡಿರಲಿಲ್ಲ. "ಏನಂದ್ರು?"

"ನಿಮ್ಮಂಥ ಮಾತಿಗೆ ನಿಲ್ಲೋ ಜನ ಈ ಕಾಲದಲ್ಲಿ ಅಪರೂಪ ಅಂತ ಹೊಗಳಿದ್ರು."

"ಆಮೇಲೆ?"

"ಆ ಹ್ಯಾಡ್ಲಿಗೆ ಮಾತು ಕೊಟ್ಟಾಗಿದೆ, ಈಗ ತಪ್ಪೋಕಾಗಲ್ಲ ಅಂದ್ರು. ನೀವಾದ್ರೆ ಅರ್ಥ ಮಾಡ್ಕೋತೀರಿ ಅಂದ್ರು." ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾನು ಹೂಂ ಅಂದೆ."

ಲೀಡಾಗೆ ನಗು ಬಂತು. ತಡೆದರೂ ನಿಲ್ಲದ ನಗು. ಅಪ್ಪ ಬೆಚ್ಚಿ ಅವಳ ಕಡೆ ತಿರುಗಿದ. ಕಡೆಯ ಬೋಗಿ ದಾಟಿ ಗೇಟು ಮೇಲೆದ್ದಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ವರ್ನ್‌ನ ಕೈ ಕೀಲಿಯ ಮೇಲಿತ್ತು, ತಿರುಗಿಸಲಿಲ್ಲ. ಮಗಳು ನಗುವುದನ್ನು ನಿಲ್ಲಿಸಲಿ ಎಂದು ಕಾಯುತ್ತಿದ್ದ.