ಒದ್ದೆ ಚಮಚ

ಬೂಸ್ಟು ಹಿಡಿದದ್ದು ಅತ್ತಿಗೆ ಹಾಕಿದ ಜಾಡಿ, ನಂದಲ್ಲ — ಕಚೇರಿಯ ಗೆಳತಿಯರ ಎದುರಿಗೇ ಅಂದುಬಿಟ್ಟಳು ತಮ್ಮನ ಹೆಂಡತಿ, ನಾಲಿಗೆಗೆ ಮೂಳೆಯಿಲ್ಲ ನೋಡು, ಉಪ್ಪಿನಲ್ಲಿ ಊರಿದ ನಿಂಬೆಹೋಳಿನ ಮೇಲೆ ಇಲಿಮರಿಯ ತುಪ್ಪಳದಂಥ ಬಿಳಿ ಬೂಸ್ಟು, ಎಲ್ಲರೂ ಮೂಗು ಮುಚ್ಚಿಕೊಂಡು ಅಕ್ಕನ ಕಡೆ ತಿರುಗಿದರು, ಸುಳ್ಳು ಬೊಗಳಬೇಡ, ಒದ್ದೆ ಚಮಚ ಒರೆಸದೆ ಅದ್ದಿದವಳು ನೀನು, ಅಂತ ಅಕ್ಕ ಅಂದರೆ ಅವಳು ನಕ್ಕು, ವಯಸ್ಸಾಯ್ತಲ್ಲ ಅತ್ತಿಗೆ, ಮರೆವು ಸಹಜ. ವಯಸ್ಸು. ಒಂದೊಂದು ಹಣ್ಣನ್ನೂ ಒರೆಸಿ, ನೆರಳಲ್ಲಿ ಆರಿಸಿ, ಹೆಚ್ಚಿ, ಕಲ್ಲುಪ್ಪು ಬೆರೆಸುವಾಗ ಈ ಕೈಗೆ ವಯಸ್ಸಾಗಿರಲಿಲ್ಲ, ಬೆರಳಸಂದಿಯ ಗಾಯಕ್ಕೆ ಹುಳಿ ಇಳಿದು ಉರಿಯುವಾಗ ಮಹಾರಾಯ್ತಿ ಹಜಾರದಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು — ಎಲ್ಲ ನಾನೇ ಹಾಕಿದ್ದು ಕಣ್ರೇ, ನಮ್ಮಮ್ಮ ಕಲಿಸಿದ್ದು. ಅವಳಮ್ಮ, ಹಾಲು ಉಕ್ಕಿಸದೆ ಕಾಯಿಸಿದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದವಳು. ಚೆನ್ನಾಗಿ ಊರಿದ್ದೆಲ್ಲ ಇವಳದು, ಬಿಳಿ ಬೂಸ್ಟು ಮಾತ್ರ ಅಕ್ಕನದು, ತಮ್ಮನಾದರೂ, ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ, ಹೊಟ್ಟೆಗೆ ಹಾಕ್ಕೋ ಅಕ್ಕಾ, ಅವಳ ಸ್ವಭಾವ ಗೊತ್ತಲ್ಲ. ಹೊಟ್ಟೆಯೇನು ಜಾಡಿಯಾ, ಉಪ್ಪು ತುಂಬಿ ಬಾಯಿಗೆ ಬಟ್ಟೆ ಕಟ್ಟಿಡೋಕೆ.

ಅಡುಗೆಮನೆಯ ಹಲಗೆಯ ಮೇಲೆ ಉಳಿದ ಜಾಡಿಗಳು ಸಾಲಾಗಿ ನಿಂತಿವೆ, ನಾಳೆ ಆ ಗೆಳತಿಯರಿಗೆ ಹಂಚುತ್ತಾಳಂತೆ, ನನ್ನ ಕೈಯಲ್ಲಿ ಹಾಕಿದ್ದು ಅಂತ. ಹಂಚಲಿ. ಅಕ್ಕ ಚಮಚವನ್ನು ನೀರಿಗದ್ದಿ ಮೊದಲ ಜಾಡಿಯ ತಳದವರೆಗೆ ಇಳಿಸಿ ತಿರುವುತ್ತಾಳೆ, ಮತ್ತೆ ನೀರು, ಮತ್ತೆ ಜಾಡಿ, ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಇರಬೇಕು, ಇರಲಿ, ಅವರವರ ಮನೆಯಲ್ಲಿ ಜಾಡಿಯ ಬಾಯಿಬಟ್ಟೆ ಬಿಚ್ಚಿದಾಗ ಏಳುತ್ತದಲ್ಲ ಬಿಳಿ ಬೂಸ್ಟು, ಆಗ ಅತ್ತಿಗೆಯದು ಅನ್ನಲಿ, ನಾನೇ ಹಾಕಿದ್ದು ಅಂದ ಬಾಯಲ್ಲಿ. ಕೊನೆಯ ಜಾಡಿಯ ಮುಂದೆ ಕೈ ತಡೆಯಿತು, ಘಮ್ಮೆನ್ನುತ್ತಿದೆ, ರಸ ಹೊಂಬಣ್ಣಕ್ಕೆ ತಿರುಗಿ ಸಿಪ್ಪೆ ಬೆಣ್ಣೆಯ ಹಾಗಾಗಿದೆ, ಇಷ್ಟು ಚೆನ್ನಾಗಿ ಹಿಂದೆಂದೂ ಊರಿರಲಿಲ್ಲ, ಇದೊಂದನ್ನು ಬಿಟ್ಟರೆ — ಬಿಟ್ಟರೆ ಇದೂ ಅವಳದೇ. ಅದ್ದಿದಳು.

ಎಲ್ಲಿಗೆ ಅಕ್ಕಾ, ಹಜಾರದಿಂದ ತಮ್ಮ. ಉಪ್ಪು ಮುಗಿದಿದೆ. ಬೇಗ ಬಾ, ಹಸಿವಾಗ್ತಿದೆ. ಕೈಚೀಲ ಹಿಡಿದು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು, ದಿನಸಿ ಅಂಗಡಿಯವನು ಏನಮ್ಮಾ ಬೇಕು ಅಂದ, ನಿನ್ನ ಅಂಗಡಿಯಲ್ಲಿ ಸಿಗೋದಲ್ಲ ಬಿಡಪ್ಪಾ ಅಂದು ಮುಂದೆ ನಡೆದಳು, ಬಸ್ಸು ಬಂತು, ಎಲ್ಲಿಗೆ ಅಂದ ಕಂಡಕ್ಟರು, ಕೊನೆಯ ಸ್ಟಾಪಿಗೆ, ವಾಪಸ್ ಬರೋದಿಲ್ಲ — ಅದನ್ನು ಅವನು ಕೇಳಿರಲಿಲ್ಲ, ಕಿಟಕಿಯಲ್ಲಿ ಬೀದಿ ಹಿಂದೆ ಸರಿಯುತ್ತಿದೆ, ತಮ್ಮನ ಮುಖ ನೆನೆಯೋಣವೆಂದರೆ ಬರುತ್ತಿಲ್ಲ, ಕಣ್ಣು ಮುಚ್ಚಿದರೂ ತೆರೆದರೂ ಯಾರದೋ ಬಳೆಯ ಕೈ, ಬಟ್ಟೆಯ ಗಂಟು, ಬಿಚ್ಚಿದ ಬಾಯಿ, ಬಿಳಿ ಬೂಸ್ಟು, ಬಿಳಿ