ಎರಡನೆಯ ಕೂಗು

“ಓಡಿಹೋದವನ ಮಗನೇ, ರಿಕಿಯಾ! ಬಾ ಇಲ್ಲಿ!”

ನಿಶಿಯೋಕ ಇದನ್ನು ಬರೀ ಬಾಯಲ್ಲಿ ಹೇಳಲಿಲ್ಲ. ಮಾರ್ದನಿ ಕಟ್ಟೆಯ ತುದಿಯಲ್ಲಿ ನಿಂತು, ಕಣಿವೆಗೆ ಮುಖ ಮಾಡಿ, ಬಸ್ಸುಗಟ್ಟಲೆ ಬಂದಿದ್ದ ಪ್ರವಾಸಿಗರ ಎದುರಿಗೆ ಕೈಮೈಕಿನಲ್ಲಿ ಕೂಗಿದ. ಎದುರು ಬೆಟ್ಟ ಆ ಮಾತನ್ನು ಒಂದಕ್ಷರ ಬಿಡದೆ ಹಿಂದಕ್ಕೆ ಕೊಟ್ಟಿತು. ಜನ ಹೋ ಎಂದು ನಕ್ಕರು. ಆ ನಗುವನ್ನೂ ಬೆಟ್ಟ ಹಿಂದಕ್ಕೆ ಕೊಟ್ಟಿತು.

ರಿಕಿಯಾ ಮಾಡಿದ್ದ ತಪ್ಪು ಇಷ್ಟೇ. ಬಳ್ಳಿಸೇತುವೆಯ ಬುಡದಲ್ಲಿ ಹೊಳೆಮೀನು ಸುಟ್ಟು ಮಾರುವುದು ಅವನ ಕೆಲಸ. ಮೀನಿನ ಬುಟ್ಟಿ ಹೊತ್ತು ಕಟ್ಟೆಯ ಪಕ್ಕ ಹಾದುಹೋಗುವಾಗ, ಪ್ರಿಯಕರನ ಹೆಸರು ಕೂಗಲು ಎದೆ ತುಂಬ ಉಸಿರೆಳೆದುಕೊಂಡಿದ್ದ ಹುಡುಗಿಯೊಬ್ಬಳನ್ನು ತಡೆದಿದ್ದ. “ಹೆಸರು ಕೊಡ್ಬೇಡಿ ಅದಕ್ಕೆ. ಕೂಗ್ಲೇಬೇಕು ಅಂದ್ರೆ ಓಯ್ ಓಯ್ ಅನ್ನಿ, ಸಾಕು. ಎರಡು ಸಲ.” ಹುಡುಗಿಯ ಉಸಿರು ಹಾಗೇ ಇಳಿಯಿತು. ಪ್ರಿಯಕರನ ತೋಳು ಹಿಡಿದು ಅವಳು ಹಿಂದೆ ಸರಿದಳು. ಅವಳ ಹಿಂದಿದ್ದ ಸಾಲೂ ಕರಗಿತು.

ಆ ಸಾಲೇ ನಿಶಿಯೋಕನ ಅನ್ನ. ಬಳ್ಳಿಸೇತುವೆ, ಬಿಸಿನೀರ ಬುಗ್ಗೆ, ಕೆಂಪು ಎಲೆ, ಇವೆಲ್ಲ ಶಿಕೊಕು ದ್ವೀಪದ ಯಾವ ಕಣಿವೆಗೆ ಹೋದರೂ ಸಿಗುತ್ತವೆ. ಮಾತನ್ನು ಇಷ್ಟು ಚೊಕ್ಕಟವಾಗಿ ತಿರುಗಿಸುವ ಬೆಟ್ಟ ಇರುವುದು ಈ ಒಕುಹಿರ ಊರಿನಲ್ಲಿ ಮಾತ್ರ ಎಂದು ಪ್ರವಾಸೋದ್ಯಮ ಸಂಘದ ಅಧ್ಯಕ್ಷನಾದ ಮೇಲೆ ಅವನೇ ಕಂಡುಹಿಡಿದಿದ್ದ. ಹಲಗೆಯ ಕಟ್ಟೆಯನ್ನು ಕೊರಕಲಿನ ಮೇಲೆ ನಾಲಿಗೆಯಂತೆ ಚಾಚಿಸಿದ. “ನಿಮ್ಮ ಪ್ರೀತಿಯವರ ಹೆಸರು ಕೂಗಿ, ಬೆಟ್ಟ ಓಗೊಡುತ್ತದೆ” ಎಂದು ಫಲಕ ಬರೆಸಿದ. ಊರಿನ ಮುದುಕರು ಬೇಡವೆಂದರು. ಮುದುಕರ ಮಾತು ಯಾರು ಕೇಳುತ್ತಾರೆ?

“ನೋಡಿ ಸ್ವಾಮಿ,” ಎಂದ ನಿಶಿಯೋಕ, ಈಗ ಮೈಕನ್ನು ಜನರತ್ತ ತಿರುಗಿಸಿ. “ಹೈಸ್ಕೂಲು ಮುಗಿಸೋ ಯೋಗ್ಯತೆ ಇಲ್ದವನು ನಿಮ್ಗೆ ಪಾಠ ಹೇಳ್ತಾನೆ. ಇವರಪ್ಪ ಬಳ್ಳಿ ಕಡಿಯೋಕೆ ಅಂತ ಬೆಟ್ಟಕ್ಕೆ ಹೋದೋನು ಒಸಾಕಾಕ್ಕೆ ಓಡಿಹೋದ. ನಾನೇ ಕಣ್ಣಾರೆ ನೋಡಿದೀನಿ, ಸ್ಟೇಷನ್ನಿನಲ್ಲಿ. ಪಕ್ಕದಲ್ಲಿ ಹೆಂಗಸು. ಮಗ ಮಾತ್ರ ಇನ್ನೂ ಬೆಟ್ಟದ ಭೂತ ನುಂಗ್ತು ಅಂತ ಕೂತಿದಾನೆ, ಪಾಪ.”

ರಿಕಿಯಾನ ಕಿವಿ ಕಾದ ಬಾಣಲೆಯಾಯಿತು. ಒಂದು ಮಾತಿಗೆ ಎರಡು ಮಾತು ಕೊಡದೆ ಬದುಕಿದವನಲ್ಲ ಅವನು. ಸ್ಕೂಲು ಬಿಟ್ಟಿದ್ದೂ ಹಾಗೇ. ಅಪ್ಪನ ಸುದ್ದಿ ಎತ್ತಿದ ಮೇಷ್ಟರಿಗೆ ಮಾತಿನಲ್ಲಿ ಉತ್ತರ ಸಾಲದೆ ಕೈಯಲ್ಲಿ ಕೊಟ್ಟಿದ್ದ. ಈಗಲೂ ಬುಟ್ಟಿ ಕೆಳಗಿಟ್ಟ, ಕಟ್ಟೆಯ ಮೇಲೆ ಕಾಲಿಟ್ಟ, ಬಾಯಿ ತೆರೆದ. ತೆರೆದ ಬಾಯಿಗೆ ಬಿಸಿಬಿಸಿ ಆಲೂಗಡ್ಡೆಯೊಂದು ಬಂದು ಕೂತಿತು.

ಪಕ್ಕದ ಅಂಗಡಿಯ ಫುಸಾ ಅಕ್ಕ, ಮಿಸೊ ಗೊಜ್ಜು ಹಚ್ಚಿ ಸುಟ್ಟ ಆಲೂಗಡ್ಡೆಯನ್ನು ಕಡ್ಡಿಯ ಸಮೇತ ತುರುಕಿದ್ದಳು. “ಅಗಿ,” ಎಂದಳು, ಅವನ ತೋಳು ಹಿಡಿದು ದರದರ ಎಳೆಯುತ್ತ. “ಮೊದಲು ಅಗಿ. ಮಾತು ಎಲ್ಲಿಗೂ ಓಡಿಹೋಗಲ್ಲ.”

ಜನ ಇನ್ನಷ್ಟು ನಕ್ಕರು. ನಗು ಇಳಿಯಿತು, ಹೊಳೆಯ ಸದ್ದು ಮತ್ತೆ ಕೇಳತೊಡಗಿತು. ಎಲ್ಲರೂ ಇನ್ನೇನು ಚದುರಬೇಕು, ಆಗ ಯಾರೂ ಕೂಗದೆ ಎದುರು ಬೆಟ್ಟ ತಾನಾಗಿಯೇ ಹೇಳಿತು:

“ಬಾ ಇಲ್ಲಿ.”

ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಫುಸಾ ಅಕ್ಕನ ಕೈ ಮಾತ್ರ ರಿಕಿಯಾನ ತೋಳಿನ ಮೇಲೆ ಬಿಗಿಯಿತು. ನಿಶಿಯೋಕ ಮೈಕನ್ನು ತಿರುಗಿಸಿ ನೋಡಿಕೊಂಡ. ಅದರ ಗುಂಡಿ ಆಗಲೇ ಆಫ್ ಆಗಿತ್ತು.

*

ಅಜ್ಜಿ ಕಿನುಯೊ ಜಗಲಿಯಲ್ಲಿ ಕಿತ್ತಳೆ ಬಣ್ಣದ ಕಾಕಿ ಹಣ್ಣು ಸುಲಿಯುತ್ತಿದ್ದಳು. ಸುಲಿದವನ್ನು ದಾರಕ್ಕೆ ಪೋಣಿಸಿ ಸೂರಿನಡಿ ಒಣಗಲು ತೂಗುಬಿಟ್ಟಿದ್ದಳು. ಸುದ್ದಿ ಅವಳನ್ನು ಆಗಲೇ ಮುಟ್ಟಿತ್ತು.

“ಹೆಸರು ಹಿಡಿದು ಕೂಗಿದ್ನಾ?”

“ಹೂಂ.”

“ನೀನು ಓಗೊಟ್ಯಾ?”

“ಫುಸಾ ಅಕ್ಕ ಎಲ್ಲಿ ಬಿಟ್ಲು? ಬಾಯಿ ಸುಟ್ಟು ಬೊಬ್ಬೆ ಬಂದಿದೆ ನೋಡು.”

ಅಜ್ಜಿ ಚಾಕು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. “ನಾಳೆ ಅವಳಿಗೆ ಒಂದು ಸರ ಹಣ್ಣು ಕೊಟ್ಟು ಬಾ. ಮರೀಬೇಡ.”

ಮನುಷ್ಯನಾದವನು ಎರಡು ಸಲ ಕರೆಯುತ್ತಾನೆ. ಒಕುಹಿರದಲ್ಲಿ ಹಾಲುಕುಡಿಯುವ ಮಗುವಿಗೂ ಇದು ಗೊತ್ತು. ಬಾಗಿಲಲ್ಲಿ ನಿಂತರೂ ಎರಡು ಸಲ, ಹೊಲದ ಆಚೆಯಿಂದಲೂ ಎರಡು ಸಲ. ಬೆಟ್ಟಕ್ಕೆ ಎರಡನೆಯ ಕೂಗು ಇಲ್ಲ. ಅದು ಯಾರ ಗಂಟಲಿನಲ್ಲಿ ಬೇಕಾದರೂ ಕರೆದೀತು, ಆದರೆ ಒಂದು ಕರೆಗೆ ಒಂದೇ ಸಲ, ಅದರ ಬೆನ್ನಿಗೇ ಇನ್ನೊಂದು ಸಲ ಕರೆಯುವುದಿಲ್ಲ. ಅದಕ್ಕೆ ಓಗೊಟ್ಟವರು ಮೇಲೆಯೇ ಉಳಿಯುತ್ತಾರೆ. ಅದಕ್ಕೇ ಬೆಟ್ಟದಲ್ಲಿ ಯಾರೂ ಯಾರ ಹೆಸರನ್ನೂ ಎತ್ತುವುದಿಲ್ಲ.

ಕತ್ತಲಾಗುವ ಮುಂಚೆ ಬಸ್ಸುಗಳು ಹೊರಟುಹೋದವು. ಈಗೀಗ ಆ ಹೊತ್ತಿಗೆ ಊರಿನವರು ಬಾಗಿಲು ಹಾಕಿಕೊಂಡು ಟೀವಿಯ ಸದ್ದು ಏರಿಸುತ್ತಾರೆ. ಯಾಕೆಂದರೆ ಬಸ್ಸಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಕಣಿವೆ ತನಗೆ ಸಿಕ್ಕ ಹೆಸರುಗಳನ್ನು ತೆಗೆದು ನೋಡಲು ಶುರುಮಾಡುತ್ತದೆ. ಅಂದೂ ಹಾಗೇ ಆಯಿತು. “ಹೊನೋಕಾ,” ಎಂದಿತು, ಯಾರೋ ಗಂಡಸಿನ ದನಿಯಲ್ಲಿ. ಸ್ವಲ್ಪ ತಡೆದು, “ಅಮ್ಮಾ,” ಎಂದಿತು. ಹಗಲಲ್ಲಿ ಕೂಗಿದವರೆಲ್ಲ ಅಷ್ಟು ಹೊತ್ತಿಗೆ ಹೆದ್ದಾರಿಯಲ್ಲಿ ನಿದ್ದೆ ಹೋಗಿರುತ್ತಾರೆ, ಅವರಿಗೇನು. ಕೇಳಬೇಕಾದವರು ಇಲ್ಲಿನವರು.

“ನಾಳೆ ಮೇಲೆ ಹೋಗ್ಬೇಡ,” ಎಂದಳು ಅಜ್ಜಿ.

“ಸೇತುವೆಗೆ ಬಳ್ಳಿ ಯಾರು ತರ್ತಾರೆ? ನೀನಾ?”

“ಸೇತುವೆ ಹಾಳಾಗಿ ಹೋಗ್ಲಿ.”

“ಹೆದರಿ ಮನೇಲಿ ಕೂತ ಅಂತ ಅದನ್ನೂ ಮೈಕಲ್ಲಿ ಕೂಗ್ತಾನೆ ಆ ನಾಯಿ.”

“ಕೂಗ್ಲಿ ಬಿಡೋ. ಬೆಟ್ಟಕ್ಕೆ ನಿನ್ನ ಹೆಸರೂ ಸಿಕ್ತು, ಏನಂದ್ರೆ ನಿನಗೆ ಉರಿಯುತ್ತೆ ಅಂತಾನೂ ಗೊತ್ತಾಯ್ತು. ನಿಮ್ಮಪ್ಪ ಸಾಧು ಮನುಷ್ಯ. ನೀನು ಹಾಗಲ್ಲ. ನಿನಗೆ ಬಾಯಿ ಮುಚ್ಚೋಕೆ ಬರುತ್ತೇನೋ?”

ಅವನು ಗೋಡೆಯ ಗೂಡಿನ ಕಡೆ ನೋಡಿದ. ತೀರಿಕೊಂಡವರ ಗೂಡಿನಲ್ಲಿ ತಾತನ ಫೋಟೊ ಇತ್ತು, ಅದರ ಮುಂದೆ ಎಡೆಯ ಅನ್ನದ ಬಟ್ಟಲಿತ್ತು. ಅಪ್ಪ ಮೊರಿಯೊನ ಫೋಟೊ ಇರಲಿಲ್ಲ. ಅಪ್ಪನ ಅನ್ನದ ಬಟ್ಟಲು ಇನ್ನೂ ಅಡಿಗೆಮನೆಯ ಕಪಾಟಿನಲ್ಲೇ ಇತ್ತು, ಬದುಕಿರುವವರ ಬಟ್ಟಲುಗಳ ಸಾಲಿನಲ್ಲಿ. ಬೆಟ್ಟಕ್ಕೆ ಹೋದವನ ಕೋಟು ಕೊಂಬೆಯಲ್ಲಿ ನೇತಾಡುತ್ತ ಸಿಕ್ಕಿತ್ತು, ಮನುಷ್ಯ ಸಿಗಲಿಲ್ಲ. ಬಿದ್ದು ಸತ್ತ ಎಂದು ಅತ್ತವರೇ, ನಿಶಿಯೋಕ ಒಸಾಕಾದಿಂದ ಬಂದು ಸ್ಟೇಷನ್ನಿನ ಕಥೆ ಹೇಳಿದ ಮೇಲೆ, ಕೋಟು ಬಿಟ್ಟುಹೋಗಿದ್ದು ನಾಟಕ ಎಂದರು. ಸತ್ತವನಿಗೆ ಊದುಬತ್ತಿ ಹಚ್ಚಬಹುದು. ಬಿಟ್ಟುಹೋದವನನ್ನು ಬೈದು ಮರೆಯಬಹುದು. ರಿಕಿಯಾ ಎರಡನ್ನೂ ಮಾಡಲಾರದೆ ಬೆಳೆದಿದ್ದ. ಅಪ್ಪ ತನ್ನನ್ನು ಬಿಟ್ಟುಹೋದನೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕು, ಬೆಟ್ಟ ಬೇಕಾದ್ದು ತೆಗೆದುಕೊಳ್ಳಲಿ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

*

ಮರುದಿನ ಅವನೂ ಊರಿನ ತೋಕುಜಿ ತಾತನೂ ಮೇಲೆ ಹತ್ತಿದರು. ಸೇತುವೆ ಹೆಣೆಯುವ ಬಳ್ಳಿ ತಗ್ಗಿನಲ್ಲಿ ಬೆಳೆಯುವುದಿಲ್ಲ. ಹಿಮ ಬೀಳುವ ಮುಂಚೆ ಹುಡುಕಿ, ಕಡಿದು, ಸಿಂಬಿ ಸುತ್ತಿ ಇಳಿಸಬೇಕು. ತೋಕುಜಿ ರಿಕಿಯಾನ ಅಪ್ಪನ ಜೊತೆ ವರ್ಷಾನುಗಟ್ಟಲೆ ಬಳ್ಳಿ ಕಡಿದವನು.

“ನಿಮ್ಮಪ್ಪನ ವಿಷಯ ಕೇಳಿದ್ರೆ ನಗು ಬರುತ್ತೆ ಕಣಯ್ಯ,” ಎಂದ ತಾತ, ದಾರಿಯಲ್ಲಿ ಕೂತು ಅನ್ನದುಂಡೆ ಬಿಚ್ಚುತ್ತ. “ಅಂಚೆ ಹೆಂಗಸು ಬಂದ್ರೆ ಸಹಿ ಹಾಕೋಕೂ ನಾಚಿಕೊಂಡು ಹಿತ್ತಲಿಗೆ ಹೋಗ್ತಿದ್ದ. ಅವನು ಹೆಂಗಸನ್ನ ಕರ್ಕೊಂಡು ರೈಲು ಹತ್ತಿದ್ನಂತೆ! ಅವಳೇ ಹೊತ್ಕೊಂಡು ಹೋಗಿರ್ಬೇಕು.”

“ಹಾಗಾದ್ರೆ ಊರೋರ ಮುಂದೆ ಯಾಕೆ ಹೇಳ್ಲಿಲ್ಲ ನೀನು?”

ತಾತ ಅನ್ನ ಅಗಿದ. ಬಹಳ ಹೊತ್ತು ಅಗಿದ. “ನನ್ನ ಸೊಸೆ ಆ ಅಧ್ಯಕ್ಷನ ಸಂಘದ ಹೋಟೆಲಲ್ಲಿ ಕೆಲಸಕ್ಕಿದಾಳೆ,” ಎಂದ.

ರಿಕಿಯಾ ಕಾರಿ ಉಗಿದ. ಹೇಳಬೇಕಾದ್ದನ್ನು ಯಾರೂ ಹೇಳದೆ ಇರುವ ಊರಿನಲ್ಲಿ ಬೆಟ್ಟ ಮಾತಾಡದೆ ಇನ್ನೇನು ಮಾಡೀತು?

ಮಧ್ಯಾಹ್ನ ಕಳೆಯುತ್ತಿದ್ದಂತೆ ಮಂಜು ಇಳಿಯಿತು. ತಾತ ಕೆಳಗಿನ ಇಳಿಜಾರಿನಲ್ಲಿ, ರಿಕಿಯಾ ಮೇಲಿನ ಬಂಡೆಸಾಲಿನಲ್ಲಿ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಆಗಾಗ ಕೆಳಗಿನಿಂದ “ಓಯ್, ಓಯ್” ಎಂದು ಬರುತ್ತಿತ್ತು. ರಿಕಿಯಾ “ಓಯ್, ಓಯ್” ಎಂದು ತಿರುಗಿ ಕೂಗಿ ಮತ್ತೆ ಮಚ್ಚು ಬೀಸುತ್ತಿದ್ದ.

ತೋಳಿನಷ್ಟು ದಪ್ಪದ ಬಳ್ಳಿಯೊಂದು ಬಂಡೆಯ ಅಂಚಿನಿಂದ ಕೆಳಕ್ಕೆ ಇಳಿದುಹೋಗಿತ್ತು. ಅವನು ಅದನ್ನು ಎಳೆದು ನೋಡಿದ. ತುದಿಯಲ್ಲಿ ಏನೋ ಭಾರ ಸಿಕ್ಕಿಕೊಂಡಂತೆ ಬಳ್ಳಿ ಬಿಗಿದು ನಿಂತಿತು. ಆಗ ಹಿಂದಿನಿಂದ, ಕಿವಿಯ ಹತ್ತಿರವೇ:

“ಓಡಿಹೋದವನ ಮಗನೇ, ರಿಕಿಯಾ! ಬಾ ಇಲ್ಲಿ!”

ಅದೇ ದನಿ. ಮೈಕಿನ ಗರಗರ ಕೂಡ ಹಾಗೇ ಇತ್ತು. ಅದರ ಬೆನ್ನಿಗೆ, ಮಂಜಿನ ಒಳಗಿನಿಂದ, ಎರಡು ಬಸ್ಸು ಜನರ ನಗು.

ರಿಕಿಯಾ ಗರಕ್ಕನೆ ತಿರುಗಿದ. ಮರಗಳಿದ್ದವು. ಜನರಿರಲಿಲ್ಲ. ಆದರೂ ನಾಲಿಗೆಯ ತುದಿಗೆ ಬೈಗುಳ ಬಂದು ನಿಂತಿತ್ತು, ಒಂದಲ್ಲ, ವರ್ಷಗಳಿಂದ ಮಸೆದಿಟ್ಟುಕೊಂಡ ಎಲ್ಲ ಬೈಗುಳ. ಅಷ್ಟು ಬಂದ ಮೇಲೆ ಅವನು ಯಾವತ್ತೂ ಬಾಯಿ ಮುಚ್ಚಿದವನಲ್ಲ. ಕೊರಳಿನ ಟವೆಲನ್ನು ಕಿತ್ತು ಹಲ್ಲಿನ ನಡುವೆ ಕಚ್ಚಿ ಹಿಡಿದ. ನಿನ್ನೆ ಸುಟ್ಟಿದ್ದ ಬೊಬ್ಬೆ ಒಡೆಯಿತು. ನಗು ಸ್ವಲ್ಪ ಹೊತ್ತು ಅವನ ಸುತ್ತ ಸುತ್ತಿತು. ಕಾದಿತು. ಅವನಿಂದ ಏನೂ ಹೊರಡದೆ ಇದ್ದಾಗ ನಿಂತಿತು.

ಹಕ್ಕಿಯ ಸದ್ದೂ ಇಲ್ಲ. ಅವನು ಮೂಗಿನಲ್ಲಿ ಉಸಿರಾಡುತ್ತ ಬಳ್ಳಿಯ ಕಡೆ ಬಾಗಿದ.

“ರಿಕಿಬೋ.”

ಈ ಸಲ ದನಿ ಹಿಂದಿನಿಂದ ಬರಲಿಲ್ಲ. ಬಳ್ಳಿ ಇಳಿದುಹೋದ ಕಡೆಯಿಂದ, ಬಂಡೆಯ ಅಂಚಿನ ಕೆಳಗಿನಿಂದ ಬಂತು. ಆ ಮುದ್ದಿನ ಹೆಸರನ್ನು ನಿಶಿಯೋಕ ಕೂಗಿರಲಿಲ್ಲ. ಯಾವ ಪ್ರವಾಸಿಗನೂ ಕೂಗಿರಲಿಲ್ಲ. ಅಜ್ಜಿ ಕೂಡ ಹಾಗೆ ಕರೆದವಳಲ್ಲ. ಅವನನ್ನು ಹಾಗೆ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ.

“ಮಚ್ಚು ಕೈಜಾರಿ ಬಿತ್ತು ಕಣೋ,” ಎಂದಿತು ದನಿ. ನಾಚಿಕೆಯ ದನಿ, ಅಂಚೆ ಹೆಂಗಸಿನ ಮುಂದೆ ತಡವರಿಸುವವನ ದನಿ. “ಬಳ್ಳಿ ಕಾಲಿಗೆ ಸುತ್ತಿಕೊಂಡಿದೆ. ಎಷ್ಟು ಹೊತ್ತಿಂದ ಬಿಡಿಸ್ತಾ ಇದೀನಿ, ಬಿಡ್ತಾನೇ ಇಲ್ಲ.”

ರಿಕಿಯಾ ಬಳ್ಳಿ ಹಿಡಿದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಟವೆಲು ಬಾಯಿಂದ ಜಾರಿತು. ಅಪ್ಪ ರೈಲು ಹತ್ತಿರಲಿಲ್ಲ. ಸ್ಟೇಷನ್ನಿಗೂ ಹೋಗಿರಲಿಲ್ಲ, ಹೆಂಗಸೂ ಇರಲಿಲ್ಲ. ಮನೆಯ ಹೊಗೆ ಕಾಣುವಷ್ಟು ದೂರದಲ್ಲಿ, ಇಷ್ಟು ವರ್ಷವೂ, ಇಲ್ಲೇ. ಕೆಳಗೆ ಊರು ಅವನನ್ನು ಬೈದುಕೊಂಡು ಮೀನು ಸುಟ್ಟು ತಿನ್ನುತ್ತಿದ್ದಾಗ, ಇಲ್ಲೇ.

‘ಅಪ್ಪಾ’ ಎಂಬ ಮಾತು ಬಾಯೊಳಗೆ ಪೂರಾ ತಯಾರಾಗಿ ನಿಂತಿತ್ತು. ತುಟಿ ಬಿಟ್ಟರೆ ಸಾಕಿತ್ತು.

ಅವನು ಕಾದ. ಒಂದೇ ಒಂದು ಸಲ, ಇನ್ನೊಂದು ಸಲ ಕರೆದುಬಿಡು. ನೀನೇ ಕಲಿಸಿದ್ದಲ್ಲವಾ ನನಗೆ, ಹೆಗಲ ಮೇಲೆ ಕೂರಿಸಿಕೊಂಡು, ಓಯ್ ಓಯ್, ಎರಡು ಸಲ ಅಂತ. ಇನ್ನೊಂದು ಸಲ ರಿಕಿಬೋ ಅಂದುಬಿಡು, ಬಂಡೆಯ ಮೇಲಿಂದ ಹಾರಿಯಾದರೂ ಬರುತ್ತೇನೆ.

ಮಂಜು ಅಂಚಿನಿಂದ ಮೇಲಕ್ಕೆ ಹೊಗೆಯಂತೆ ಏಳುತ್ತಿತ್ತು. ಕಟ್ಟಿಗೆಯಂತೆ ಬಿಗಿದಿದ್ದ ಬಳ್ಳಿ ಒಮ್ಮೆ ಮೆಲ್ಲಗೆ ನಡುಗಿತು, ಕೆಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಅವನು ಕಾದ. ಮೈಯ ಬೆವರು ಆರಿ ಚಳಿ ಹತ್ತುವ ತನಕ ಕಾದ.

ಎರಡನೆಯ ಕೂಗು ಬರಲಿಲ್ಲ.

ರಿಕಿಯಾ ಎದ್ದ. ಟವೆಲನ್ನು ಮತ್ತೆ ಹಲ್ಲಿಗೆ ಕೊಟ್ಟ. ಆ ಬಳ್ಳಿಯನ್ನು ಕಡಿಯಲಿಲ್ಲ. ಮಚ್ಚನ್ನು ಅಂಚಿನ ಮೇಲಿನ ಕೊಂಬೆಗೆ, ಹಿಡಿ ಕೆಳಮುಖವಾಗಿ, ಕೆಳಗಿನಿಂದ ಕೈ ಚಾಚಿದವನಿಗೆ ಎಟುಕುವ ಹಾಗೆ ಸಿಕ್ಕಿಸಿದ. ಆಮೇಲೆ ಬೆಳಿಗ್ಗೆ ಕಡಿದಿದ್ದ ಸಿಂಬಿಯನ್ನು ಹೆಗಲಿಗೇರಿಸಿ ಇಳಿಜಾರಿನ ಕಡೆ ತಿರುಗಿದ.

ಕೆಲವು ಹೆಜ್ಜೆ ಇಳಿದಿರಬಹುದು. ಹಿಂದೆ ಹಸಿ ಬಳ್ಳಿಗೆ ಕಬ್ಬಿಣ ಬಿದ್ದ ಸದ್ದಾಯಿತು. ಒಂದೇ ಏಟು. ಬೆಳಿಗ್ಗೆಯಿಂದ ಅವನದೇ ಮಚ್ಚಿನ ಸದ್ದು ಕೇಳಿ ಬೆಟ್ಟ ಅದನ್ನೂ ಕಲಿತುಕೊಂಡಿತ್ತೋ ಏನೋ. ಅವನು ತಿರುಗಲಿಲ್ಲ. ಆದರೆ ಮನೆ ಮುಟ್ಟಿದ ಕೂಡಲೇ ಮಾಡಬೇಕಾದ ಕೆಲಸ ಅವನಿಗೆ ಗೊತ್ತಿತ್ತು. ಕಪಾಟಿನ ಆ ಬಟ್ಟಲನ್ನು ತೊಳೆದು, ಬಿಸಿ ಅನ್ನ ತುಂಬಿ, ತೀರಿಕೊಂಡವರ ಗೂಡಿನಲ್ಲಿ ತಾತನ ಫೋಟೊದ ಪಕ್ಕ ಇಡುವುದು.

“ಓಡಿಹೋದವನ ಮಗನೇ!” ಎಂದು ಬೆನ್ನ ಹಿಂದೆ ಬೆಟ್ಟ ಕೂಗಿತು, ನಿಶಿಯೋಕನ ಗಂಟಲಿನಲ್ಲಿ, ಇದ್ದ ಬಲವನ್ನೆಲ್ಲ ಹಾಕಿ. ಬೆನ್ನಿಗೇ ಅದೇ ಜನರ ನಗು.

ರಿಕಿಯಾ ಬಳ್ಳಿಯ ಹೊರೆಯನ್ನು ಹೆಗಲು ಬದಲಿಸಿಕೊಂಡ. ಉತ್ತರ ಕೊಡದೆ, ಕಾಲ ಕೆಳಗಿನ ಒದ್ದೆ ಎಲೆಗಳನ್ನಷ್ಟೇ ನೋಡುತ್ತ, ಇಳಿದುಹೋದ.