ರಸ್ತೆಗೆ ಅಡ್ಡ ಕೆಡವಿದ ಮರ

ಸಂಸೆಯ ಆಚೆಗಿನ ಆ ಊರಿಗೆ ಕೊರೊನಾ ಬರಬಾರದೆಂದು ರಸ್ತೆಗೆ ಅಡ್ಡ ಮರ ಕೆಡವುವ ತೀರ್ಮಾನವಾದಾಗ, ಎಲ್ಲರ ಕಣ್ಣೂ ಗುರುವಯ್ಯನ ಮೇಲೆ ಬಿತ್ತು. ನಲವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವನು. ಮರವನ್ನು ಹೇಳಿದ ಜಾಗಕ್ಕೇ ಬೀಳಿಸುವ ಕೈ. ಹೊಗಳಿದರೆ ಉಬ್ಬುವ ಜೀವ ಬೇರೆ. ಅರ್ಧ ಗಂಟೆಯಲ್ಲಿ ಸಿಲ್ವರ್ ಓಕ್ ಮರವೊಂದನ್ನು ರಸ್ತೆಗೆ ಅಡ್ಡಡ್ಡ ಮಲಗಿಸಿಬಿಟ್ಟ.

ಆರು ವರ್ಷದ ಮೊಮ್ಮಗಳು ಗಗನಾ ಆಗ ಯುಗಾದಿಗೆಂದು ಕಳಸಕ್ಕೆ, ತಾಯಿಯ ಹತ್ತಿರ ಹೋಗಿದ್ದಳು. ತಾಯಿ ಧನ್ಯಾ, ಗುರುವಯ್ಯನ ಮಗಳು, ಅಲ್ಲಿ ನರ್ಸ್. ಅವಳದು ಪಾಳಿ ಕೆಲಸ, ಹಾಗಾಗಿ ಮಗುವನ್ನು ಸಾಕಿದ್ದೆಲ್ಲ ಗುರುವಯ್ಯನೇ. ಹೆಚ್ಚೆಂದರೆ ಒಂದು ವಾರ, ಆಮೇಲೆ ಮರ ಎಳೆದುಹಾಕಿದರಾಯಿತು ಎಂದುಕೊಂಡಿದ್ದ. ಎರಡು ತಿಂಗಳಾಯಿತು.

ಭಾನುವಾರಕ್ಕೊಮ್ಮೆ ಧನ್ಯಾ ಸ್ಕೂಟರಿನಲ್ಲಿ ಮಗುವನ್ನು ಮರದವರೆಗೆ ಕರೆತರುತ್ತಿದ್ದಳು. ಮೊದಲ ಸಲ ಗಗನಾ ಕೊಂಬೆ ಹಿಡಿದು ಹತ್ತಿಯೇಬಿಟ್ಟಳು.

"ಏಯ್, ಇಳಿ ಕೆಳಗೆ!" ಗುರುವಯ್ಯ ಗದರಿದ. ಊರವರು ನೋಡುತ್ತಿದ್ದರು.

"ಕೂಸುಮರಿ ಮಾಡ್ಕೊಂಡು ಮನೆಗೆ ಕರ್ಕೊಂಡ್ ಹೋಗಜ್ಜ," ಎಂದು ಅತ್ತಳು.

"ನನ್ನ ಮಾತು ಅವ್ಳು ಕೇಳಲ್ಲ ಅಪ್ಪಾ. ಮುಟ್ಟಿದ್ರೆ ನಿಮಗೆ ಕಾಯಿಲೆ ಬರುತ್ತೆ ಅಂತ ನೀವೇ ಹೇಳಿ," ಎಂದಳು ಧನ್ಯಾ.

ಹೇಳಿದ. ಜೋರಾಗಿಯೇ ಹೇಳಿದ. ಗಗನಾ ಮೆತ್ತಗೆ ಕೊಂಬೆ ಬಿಟ್ಟು ಇಳಿದಳು.

ಆಮೇಲಿನ ಭಾನುವಾರಗಳಲ್ಲಿ ಅವಳು ಹಟ ಮಾಡಲಿಲ್ಲ. ಎಂಥ ಜಾಣೆ ಎಂದು ಊರವರು ಹೊಗಳಿದರು. ಗುರುವಯ್ಯನಿಗೆ ಜೀವನದಲ್ಲಿ ಮೊದಲ ಸಲ ಹೊಗಳಿಕೆ ಕಹಿಯಾಯಿತು. ಅವನಿಗೆ ಬೇಕಾಗಿದ್ದದ್ದು ಹಟ ಮಾಡುವ ಮಗು. ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ.

ಜೂನಿನಲ್ಲಿ ರಸ್ತೆ ತೆರವು ಮಾಡಲು ಊರು ಒಪ್ಪಿತು. ಗುರುವಯ್ಯ ಯಾರನ್ನೂ ಕಾಯಲಿಲ್ಲ. ಹನ್ನೊಂದು ಗಂಟೆಗೆಲ್ಲ ಕೊನೆಯ ತುಂಡನ್ನು ಚರಂಡಿಗೆ ಉರುಳಿಸಿ, ಎರಡೆರಡು ಸಲ ಸೋಪು ಹಾಕಿ ಕೈ ತೊಳೆದು, ಒಗೆದ ಅಂಗಿ ತೊಟ್ಟು ನಿಂತ.

ಸ್ಕೂಟರ್ ಬಂತು. ಗಗನಾ ಇಳಿದವಳೇ ಓಡಿಬಂದಳು. ಮರ ಬಿದ್ದಿದ್ದ ಜಾಗದಲ್ಲಿ ತಟ್ಟನೆ ನಿಂತುಬಿಟ್ಟಳು.

"ಬಾ ಮಗಾ," ಗುರುವಯ್ಯ ಎರಡೂ ಕೈ ಚಾಚಿದ.

ಬರಲಿಲ್ಲ. ಅಜ್ಜನ ಕೈ ನೋಡಿದಳು, ಮುಖ ನೋಡಿದಳು, ತಾಯಿಯತ್ತ ತಿರುಗಿದಳು.

"ಅಮ್ಮಾ, ಮುಟ್ಟಿದ್ರೆ ಅಜ್ಜ ಸಾಯಲ್ವಾ?"

ಹೆಲ್ಮೆಟ್ ಬಿಚ್ಚುತ್ತಿದ್ದ ಧನ್ಯಾ ಅದನ್ನು ಸೀಟಿನ ಮೇಲಿಟ್ಟು ಅಪ್ಪನ ಮುಖ ನೋಡಿದಳು. ಆ ಎರಡು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಅವಳು ಏನೇನೋ ನೋಡಿದ್ದಳು. ಗುರುವಯ್ಯ ಚಾಚಿದ ಕೈ ಇಳಿಸದೆ, ಮಗಳು ಏನು ಹೇಳುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತ ನಿಂತ.